ಹಲ್ಲು ನೋಡಿ ಎತ್ತು, ನಂಬರ್ ನೋಡಿ ವಿಂಚೆಸ್ಟರ್

ಅಮೆರಿಕದ ಒಂದು ಸಣ್ಣ ಊರಿನ ಗನ್ ಶೋ ಅಂದುಕೊಳ್ಳಿ. ಉದ್ದನೆಯ ಮೇಜು, ಮೇಲೊಂದು ಹಳೇ ಬೆಡ್‌ಶೀಟು, ಅದರ ಮೇಲೆ ಸಾಲಾಗಿ ಮಲಗಿದ ಬಂದೂಕುಗಳು. ಒಂದಕ್ಕೆ ದಾರದಲ್ಲಿ ಚೀಟಿ ಕಟ್ಟಿದೆ: ‘ವಿಂಚೆಸ್ಟರ್ 94, .30-30, ಪ್ರೀ-64, ಆಲ್ ಒರಿಜಿನಲ್’. ಕೌಬಾಯ್ ಸಿನಿಮಾಗಳಲ್ಲಿ ನೋಡಿದ ಕೋವಿಯ ಜಾತಿಯೇ. ಕೈಗೆ ತಗೊಂಡರೆ ಕೆಳಗಿಡಲು ಮನಸ್ಸಾಗುವುದಿಲ್ಲ.

ಕೆಳಗಿಡಿ. ಮೊದಲು ಚೀಟಿ ಓದಿ. ಅದರಲ್ಲಿ ನಾಲ್ಕು ಮಾತಿವೆ. ಮೊದಲ ಮೂರನ್ನು ಐದು ನಿಮಿಷದಲ್ಲಿ ಪರೀಕ್ಷೆ ಮಾಡಬಹುದು. ನಾಲ್ಕನೆಯದು, ಆ ‘ಒರಿಜಿನಲ್’, ಉಳಿದ ಮೂರಕ್ಕಿಂತ ಜಾಸ್ತಿ ದುಡ್ಡಿನ ಮಾತು. ಜಾಸ್ತಿ ಸುಳ್ಳು ಬರುವುದೂ ಅಲ್ಲೇ. ದನದ ಜಾತ್ರೆಗೆ ಹೋದವರಿಗೆ ಈ ಆಟ ಹೊಸದಲ್ಲ. ಕೊಂಬು ಹೆರೆದು, ಎಣ್ಣೆ ಹಚ್ಚಿ, ಬಣ್ಣ ಬಳಿದು ನಿಲ್ಲಿಸಿದ ಎತ್ತಿನ ವಯಸ್ಸು ಕೊಂಬಿನಲ್ಲಿ ಸಿಗುವುದಿಲ್ಲ. ಬಾಯಿ ಬಿಡಿಸಿ ಹಲ್ಲು ನೋಡಬೇಕು. ಹಳೇ ಕೋವಿಗೂ ಹಲ್ಲಿದೆ.

ಇದು ಯಾವ ಜಾತಿಯ ಕೋವಿ

ನಮ್ಮ ಕಡೆ ಕೋವಿ ಅಂದರೆ ಹೆಚ್ಚಾಗಿ ಕಣ್ಣಿಗೆ ಬರುವುದು ನಡು ಮುರಿದು ತೋಟೆ ತುಂಬುವ ಒಂಟಿ ನಳಿಗೆಯದು, ಇಲ್ಲವೇ ಜೋಡಿ ನಳಿಗೆಯದು. ಲಿವರ್ ಆಕ್ಷನ್ ಬೇರೆಯೇ. ಟ್ರಿಗರ್ ಸುತ್ತಲಿನ ಬಳೆ ಹಿಂದಕ್ಕೆ ಬೆಳೆದು, ಬೆರಳು ತೂರುವಷ್ಟು ದೊಡ್ಡ ಕುಣಿಕೆಯಾಗಿರುತ್ತದೆ. ಅದೇ ಲಿವರ್. ಅದನ್ನು ಕೆಳಕ್ಕೆ ತಳ್ಳಿದರೆ ಒಳಗಿನ ಬೋಲ್ಟ್ (ನಳಿಗೆಯ ಹಿಂಬಾಯಿ ಮುಚ್ಚುವ ಉಕ್ಕಿನ ತುಂಡು) ಹಿಂದೆ ಸರಿದು ಖಾಲಿ ತೋಟೆಯನ್ನು ಹೊರಗೆ ಎಸೆಯುತ್ತದೆ, ಹ್ಯಾಮರ್ ಎದ್ದು ನಿಲ್ಲುತ್ತದೆ. ನಳಿಗೆಯ ಕೆಳಗಿನ ಕೊಳವೆಯಿಂದ ಹೊಸ ತೋಟೆ ಹಿಂದೆ ಜಾರಿ ಒಂದು ಪುಟ್ಟ ತೊಟ್ಟಿಲಿನ ಮೇಲೆ ಕೂರುತ್ತದೆ. ಲಿವರ್ ವಾಪಸ್ ಎಳೆದರೆ ತೋಟೆ ಒಳಗೆ, ಬೋಲ್ಟಿಗೆ ಬೀಗ. ಎರಡೇ ಚಲನೆ.

ಇದರ ಮೊದಲ ದೊಡ್ಡ ಯಶಸ್ಸು 1860ರ ಹೆನ್ರಿ ರೈಫಲ್. ಬೆಂಜಮಿನ್ ಟೈಲರ್ ಹೆನ್ರಿ ಕನೆಕ್ಟಿಕಟ್‌ನ ನ್ಯೂ ಹೇವನ್‌ನಲ್ಲಿ ಅದನ್ನು ರೂಪಿಸಿದ. ಅದನ್ನು ತಯಾರಿಸಿದ ಕಂಪನಿಗೆ ದುಡ್ಡು ಹಾಕಿದ್ದ ಆಲಿವರ್ ವಿಂಚೆಸ್ಟರ್ ಮೂಲತಃ ಶರ್ಟ್ ಹೊಲಿಸಿ ಮಾರುತ್ತಿದ್ದ ಮನುಷ್ಯ. ಹೆನ್ರಿಯ ತೊಂದರೆ ಏನೆಂದರೆ ಕೊಳವೆಗೆ ಮುಂದಿನ ತುದಿಯಿಂದಲೇ ತೋಟೆ ತುಂಬಬೇಕಿತ್ತು. ವಿಂಚೆಸ್ಟರ್‌ನ 1866ರ ಮಾಡೆಲ್‌ನಲ್ಲಿ ಬಲಪಕ್ಕದಲ್ಲಿ ಸ್ಪ್ರಿಂಗ್ ಇರುವ ಚಿಕ್ಕ ಬಾಗಿಲು ಬಂತು. ಹಿತ್ತಾಳೆ ಬಣ್ಣದ ಮೈಯಿಂದಾಗಿ ಅದಕ್ಕೆ ‘ಯೆಲ್ಲೋ ಬಾಯ್’ ಎಂದು ಹೆಸರು. 1873ರದು ಕಬ್ಬಿಣದ ಮೈಯದು, ಸುಮಾರು 7 ಲಕ್ಷ ತಯಾರಾದವು. ಆದರೆ ಈ ಮೂರರಲ್ಲೂ ಬೋಲ್ಟನ್ನು ಹಿಡಿದಿಡುವುದು ಮೊಣಕಾಲಿನಂತೆ ಮಡಚುವ ಒಂದು ಕೀಲು ಅಷ್ಟೇ. ಪಿಸ್ತೂಲಿನ ತೋಟೆಗೆ ಸಾಕು, ದೊಡ್ಡ ಮದ್ದಿಗೆ ಸಾಲದು.

ಅದನ್ನು ಸರಿಮಾಡಿದವನು ಯೂಟಾದ ಜಾನ್ ಮೋಸೆಸ್ ಬ್ರೌನಿಂಗ್. ಅವನ 1886, 1892 ಮತ್ತು 1894 ಮಾಡೆಲ್‌ಗಳಲ್ಲಿ ದಪ್ಪ ಉಕ್ಕಿನ ತುಂಡು ನೆಟ್ಟಗೆ ಮೇಲೆದ್ದು ಬಾಗಿಲ ಅಗುಳಿಯಂತೆ ಬೋಲ್ಟನ್ನು ತಡೆಯುತ್ತದೆ. 1894 ಹೊರಬಂದ ಮರುವರ್ಷ ಹೊಗೆಯಿಲ್ಲದ ಮದ್ದಿನ .30-30 ತೋಟೆ ಅದಕ್ಕೆ ಜೊತೆಯಾಯಿತು. ಈ ಜೋಡಿಯೇ ಅಮೆರಿಕದ ಜಿಂಕೆ ಬೇಟೆಗಾರನ ಮನೆಮಾತು. 2006ರಲ್ಲಿ ನ್ಯೂ ಹೇವನ್ ಕಾರ್ಖಾನೆ ಮುಚ್ಚುವವರೆಗೆ 70 ಲಕ್ಷಕ್ಕೂ ಜಾಸ್ತಿ 94ಗಳು ತಯಾರಾದವು. ಹಾಗಾಗಿ ‘ಅಪರೂಪದ 94’ ಎಂದು ಯಾರಾದರೂ ಹೇಳಿದರೆ ಒಂದು ಕ್ಷಣ ನಿಂತು, ಏನು ಅಪರೂಪ ಎಂದು ಕೇಳಿ.

ಮೊದಲ ಮಾತು: ಇದು 94 ಹೌದಾ?

ಮುಟ್ಟುವ ಮೊದಲು ಕೇಳಿ. ಕೈಗೆ ಬಂದಮೇಲೆ ನಳಿಗೆಯನ್ನು ಜನರಿಲ್ಲದ ಕಡೆ ತಿರುಗಿಸಿ, ಬೆರಳನ್ನು ಟ್ರಿಗರ್‌ನಿಂದ ದೂರವಿಟ್ಟು, ಲಿವರ್ ಪೂರ್ತಿ ತೆರೆದು ಒಳಗೆ ತೋಟೆ ಇಲ್ಲವೆಂದು ನೋಡಿ. ಕೊಳವೆಯೊಳಗೂ ನೋಡಿ. ‘ಖಾಲಿ ಇದೆ’ ಎಂದು ಮಾರುವವರು ಹೇಳಿದ್ದರೂ ಸರಿ.

ಲಿವರ್ ತೆರೆದಿದ್ದೀರಲ್ಲ, ಹಾಗೇ ಕೋವಿಯ ಹೊಟ್ಟೆ ನೋಡಿ. ರಿಸೀವರ್‌ನ (ಬೋಲ್ಟ್ ಕೂರುವ ನಡುವಿನ ಲೋಹದ ಮೈ) ಕೆಳತಟ್ಟೆ ಲಿವರ್ ಜೊತೆ ಕೆಳಗೆ ಇಳಿದಿದ್ದರೆ ಅದು 94ರ ಮನೆತನ. ತಟ್ಟೆ ಅಲ್ಲೇ ಇದ್ದು ಲಿವರ್ ಮಾತ್ರ ಇಳಿದರೆ, ಮೈಯೂ ಸ್ವಲ್ಪ ಪುಟ್ಟದಾಗಿದ್ದರೆ, 1892 ಇರಬಹುದು. ದೂರದಿಂದ ನೋಡಿದರೆ ಇವೆರಡೂ ಅಣ್ಣತಮ್ಮಂದಿರ ಹಾಗೆ ಕಾಣುತ್ತವೆ. ಸಿನಿಮಾದವರಿಗೂ ಅದು ಅನುಕೂಲವಾಯಿತು. 1870ರ ದಶಕದ ಕಥೆಗಳಲ್ಲಿ ನಾಯಕನ ಕೈಯಲ್ಲಿ ಇನ್ನೂ ಹುಟ್ಟದ 1892 ಎಷ್ಟೋ ಸಲ ಕಾಣಿಸಿಕೊಂಡಿದೆ.

ಖಾಲಿ ತೋಟೆ ಎಲ್ಲಿಂದ ಹೊರಬೀಳುತ್ತದೆ ಅನ್ನುವುದು ಇನ್ನೊಂದು ಗುರುತು. ಹಳೇ ವಿಂಚೆಸ್ಟರ್‌ಗಳ ತಲೆ ತೆರೆದಿರುತ್ತದೆ, ತೋಟೆ ಮೇಲಕ್ಕೆ ಹಾರುತ್ತದೆ. ಅದರ ಎದುರಾಳಿ ಮಾರ್ಲಿನ್ 1889ರಿಂದಲೇ ತಲೆ ಮುಚ್ಚಿ ಪಕ್ಕಕ್ಕೆ ಎಸೆಯುತ್ತದೆ. ಹ್ಯಾಮರೇ ಹೊರಗೆ ಕಾಣದೆ, ಮೈ ನುಣುಪಾಗಿ, ಕೊಳವೆಯ ಬದಲು ಒಳಗೆ ತಿರುಗುವ ಮ್ಯಾಗಜಿನ್ ಇದ್ದರೆ ಅದು ಆರ್ಥರ್ ಸ್ಯಾವೇಜ್‌ನ 99. ನನ್ನ ಕೇಳಿದರೆ ಇವುಗಳಲ್ಲಿ ಬುದ್ಧಿವಂತ ವಿನ್ಯಾಸ ಸ್ಯಾವೇಜ್‌ನದೇ. ಅದರದೇ ಬೇರೆ ಕಥೆ, ಇಲ್ಲಿ ಬೇಡ.

‘ಹೆನ್ರಿ’ ಎಂಬ ಹೆಸರು ಕಂಡು ಮೋಸ ಹೋಗಬೇಡಿ. ಈಗ ಆ ಹೆಸರಲ್ಲಿ ಕೋವಿ ಮಾಡುವ ಕಂಪನಿ 1990ರ ದಶಕದ್ದು, ಹಳೇ ಹೆನ್ರಿಗೂ ಅದಕ್ಕೂ ನಂಟಿಲ್ಲ. 1866, 1873ರ ನಕಲುಗಳು ಇಟಲಿಯಲ್ಲಿ ದಶಕಗಳಿಂದ ತಯಾರಾಗುತ್ತಿವೆ. ಅವು ಒಳ್ಳೆಯ ಕೋವಿಗಳೇ, ಬಚ್ಚಿಡುವಂಥದ್ದೇನೂ ಇಲ್ಲ. ಆದರೆ ನಳಿಗೆಯ ಮೇಲಿನ ಇಟಲಿಯ ಮುದ್ರೆಗಳನ್ನು ಅರದಿಂದ ಉಜ್ಜಿ, ಉಪ್ಪುನೀರಲ್ಲಿ ತುಕ್ಕು ಹಿಡಿಸಿದರೆ ‘ಅಜ್ಜನ ಕಾಲದ್ದು’ ಆಗಿಬಿಡುತ್ತದೆ.

ಎರಡನೆಯ ಮಾತು: .30-30

ಇದು ನಳಿಗೆಯ ಮೇಲೆ ಬರೆದಿರುತ್ತದೆ. ಹಳೇ 94ರಲ್ಲಿ ‘.30-30’ ಎಂದು ಇರದೆ ‘30 ಡಬ್ಲ್ಯೂಸಿಎಫ್’ (ವಿಂಚೆಸ್ಟರ್ ಸೆಂಟರ್ ಫೈರ್) ಎಂದಿದ್ದರೆ ಗಾಬರಿ ಬೇಡ, ಎರಡೂ ಒಂದೇ ತೋಟೆ. ವಿಂಚೆಸ್ಟರ್ ತನ್ನ ಹೆಸರಿಟ್ಟು ಕರೆದಿತ್ತು. ಮಾರ್ಲಿನ್‌ಗೆ ಎದುರಾಳಿಯ ಹೆಸರನ್ನು ತನ್ನ ಕೋವಿಯ ಮೇಲೆ ಒತ್ತುವ ಮನಸ್ಸಿರಲಿಲ್ಲ. .30 ಅಂಗುಲದ ಗುಂಡು, ಒಳಗೆ 30 ಗ್ರೇನ್ (ಸುಮಾರು ಎರಡು ಗ್ರಾಂ) ಮದ್ದು, ಹಾಗಾಗಿ .30-30 ಎಂದಿತು. ಕೊನೆಗೆ ಉಳಿದದ್ದು ಎದುರಾಳಿ ಇಟ್ಟ ಹೆಸರೇ.

94 ಬೇರೆ ತೋಟೆಗಳಿಗೂ ಬಂದಿದೆ: .25-35, .32-40, .38-55, .32 ವಿಂಚೆಸ್ಟರ್ ಸ್ಪೆಷಲ್. ಇಲ್ಲಿ ಎಚ್ಚರ ಬೇಕು. .32-40 ಮತ್ತು .32 ಸ್ಪೆಷಲ್ ಹೆಸರಲ್ಲಿ ನೆಂಟರು, ತೋಟೆ ಬೇರೆ ಬೇರೆ. .30-30 ಅಮೆರಿಕದ ಹಳ್ಳಿಯ ಹಾರ್ಡ್‌ವೇರ್ ಅಂಗಡಿಯಲ್ಲೂ ಸಿಗುತ್ತದೆ. .25-35ಕ್ಕೆ ಹುಡುಕಾಡಬೇಕು, ದುಡ್ಡೂ ಜಾಸ್ತಿ. ಗೋಡೆಗೆ ತೂಗುಹಾಕುವುದಾದರೆ ಬೇರೆ ಮಾತು.

ಕೊಳವೆಯಲ್ಲಿ ತೋಟೆಗಳು ಒಂದರ ಬೆನ್ನಿಗೆ ಒಂದು ಮೂಗು ತಾಗಿಸಿ ಮಲಗುತ್ತವೆ. ಚೂಪು ಗುಂಡಾದರೆ ಅದರ ತುದಿ ಮುಂದಿನ ತೋಟೆಯ ಕೇಪಿಗೇ ತಾಗಿರುತ್ತದೆ. ಹೊಡೆದಾಗಿನ ಒದೆತಕ್ಕೆ ಆ ಕೇಪು ಸಿಡಿದರೆ ಕೊಳವೆಯೊಳಗೇ ಸ್ಫೋಟ. ಅದಕ್ಕೇ .30-30ಯ ಗುಂಡಿನ ಮೂಗು ಚಪ್ಪಟೆ. ಈಚೆಗೆ ಮೆತ್ತನೆಯ ರಬ್ಬರಿನಂಥ ತುದಿಯವೂ ಬಂದಿವೆ.

ಮೂರನೆಯ ಮಾತು: ಪ್ರೀ-64

ಕೋವಿಯ ಹಲ್ಲು ಇರುವುದು ಇಲ್ಲಿ. 94ರ ಸೀರಿಯಲ್ ನಂಬರ್ ರಿಸೀವರ್‌ನ ಹೊಟ್ಟೆಯ ಮೇಲೆ, ಮುಂಭಾಗದಲ್ಲಿ ಇರುತ್ತದೆ. 1873ರಲ್ಲಿ ಹಿಡಿಯ ಕೆಳಗಿನ ಉಕ್ಕಿನ ಪಟ್ಟಿಯ ಮೇಲೆ. 94ಕ್ಕೆ ಗಡಿ 27 ಲಕ್ಷ. ನಂಬರ್ ಅದಕ್ಕಿಂತ ಕಡಿಮೆ ಇದ್ದರೆ 1964ಕ್ಕೆ ಮುಂಚಿನದು, ಅಲ್ಲಿಂದ ಮೇಲಿದ್ದರೆ ಆಮೇಲಿನದು.

1964ರಲ್ಲಿ ಅಂಥದ್ದೇನಾಯಿತು? ಕೂಲಿ ಏರಿತ್ತು. ಉಕ್ಕಿನ ಗಟ್ಟಿಯನ್ನು ಕಡೆದು ಕಡೆದು ಬಿಡಿಭಾಗ ಮಾಡುವುದು ಕಂಪನಿಗೆ ಗಿಟ್ಟುತ್ತಿರಲಿಲ್ಲ. ಹಾಗಾಗಿ ವಿನ್ಯಾಸವನ್ನೇ ಅಗ್ಗ ಮಾಡಿದರು. ತೋಟೆ ಎತ್ತುವ ತೊಟ್ಟಿಲು ತಗಡು ಒತ್ತಿ ಮಾಡಿದ್ದಾಯಿತು. ಗಟ್ಟಿ ಪಿನ್ನುಗಳ ಜಾಗದಲ್ಲಿ ಸುರುಳಿ ಸುತ್ತಿದ ಟೊಳ್ಳು ಪಿನ್ನುಗಳು ಬಂದವು. ರಿಸೀವರ್‌ನ ಲೋಹವೂ ಬದಲಾಯಿತು. ಇವನ್ನೆಲ್ಲ ಕಣ್ಣಲ್ಲೇ ನೋಡಬಹುದು. ಪಕ್ಕದಲ್ಲಿ ಪಿನ್ನಿನ ತುದಿ ಗಟ್ಟಿಯೋ ಟೊಳ್ಳೋ ನೋಡಿ. ಲಿವರ್ ತೆರೆದು ತೊಟ್ಟಿಲು ತಗಡೋ ಕಡೆದದ್ದೋ ನೋಡಿ. ನಂಬರ್ ಮತ್ತು ಪಿನ್ನು ಒಂದೇ ಕಥೆ ಹೇಳಬೇಕು.

ಜನಕ್ಕೆ ಸಿಟ್ಟು ಬಂತು, ಹಳೆಯದರ ಬೆಲೆ ಏರಿತು, ‘ಪ್ರೀ-64’ ಒಂದು ಮಂತ್ರವಾಯಿತು. ನನಗನ್ನಿಸುವುದು, ಈ ಮಂತ್ರಕ್ಕೆ ಸ್ವಲ್ಪ ಜಾಸ್ತಿಯೇ ದಕ್ಷಿಣೆ ಹೋಗುತ್ತಿದೆ. 1964ರ ನಂತರದ್ದೂ ಜಿಂಕೆ ಹೊಡೆಯುತ್ತದೆ. ಕಂಪನಿ ಮುಂದೆ ಆ ತಗಡಿನ ತೊಟ್ಟಿಲನ್ನೂ ಕೈಬಿಟ್ಟಿತು. ಸುಮ್ನೆ ಉಪಯೋಗಿಸಲು ಒಂದು ಕೋವಿ ಬೇಕು ಅನ್ನುವವರು 1970ರ ದಶಕದ್ದನ್ನು ಕಡಿಮೆಗೆ ಕೊಂಡು ನೆಮ್ಮದಿಯಾಗಿರಬಹುದು. ಒಂದು ಷರತ್ತು: ಅದಕ್ಕೆ ಮತ್ತೆ ಬಣ್ಣ ಹಾಕಿಸುವ ಆಸೆ ಇರಬಾರದು. ಆ ಕಾಲದ ರಿಸೀವರ್ ಲೋಹ ಮಾಮೂಲಿ ಬ್ಲೂಯಿಂಗ್‌ಗೆ (ಉಕ್ಕಿಗೆ ಕಪ್ಪು-ನೀಲಿ ಬಣ್ಣ ಹಿಡಿಸುವುದು) ಒಗ್ಗುವುದಿಲ್ಲ, ನೇರಳೆಹಣ್ಣಿನ ಬಣ್ಣಕ್ಕೆ ತಿರುಗುತ್ತದೆ.

ಮಾರ್ಲಿನ್‌ನ 336ರಲ್ಲಿ ವಯಸ್ಸು ಹೇಳುವುದು ಇನ್ನೂ ಸುಲಭ. 1970ರ ದಶಕದ ಮೊದಲ ಭಾಗದಿಂದ 1999ರವರೆಗಿನ ನಂಬರಿನ ಮೊದಲ ಎರಡು ಅಂಕಿಯನ್ನು 100ರಿಂದ ಕಳೆದರೆ ಇಸವಿ ಸಿಗುತ್ತದೆ. 25ರಿಂದ ಶುರುವಾದರೆ 1975. ಮಾರ್ಲಿನ್ ಕೊಳ್ಳುವವರು ನಳಿಗೆಯ ಬುಡದಲ್ಲಿ ‘ಜೆಎಂ’ ಎಂಬ ಪುಟ್ಟ ಮುದ್ರೆಯನ್ನೂ ಹುಡುಕುತ್ತಾರೆ. ಅದು ಕಂಪನಿ ಕಟ್ಟಿದ ಜಾನ್ ಮಾರ್ಲಿನ್‌ನ ಹೆಸರಿನ ಅಕ್ಷರಗಳು. 2007ರಲ್ಲಿ ರೆಮಿಂಗ್ಟನ್ ಕೊಂಡು, ಆಮೇಲೆ ಹಳೇ ಕಾರ್ಖಾನೆ ಮುಚ್ಚಿದ ನಂತರ ಆ ಮುದ್ರೆ ನಿಂತಿತು.

ನಂಬರಿಗೂ ಕಾನೂನಿಗೂ ನಂಟು

ವಯಸ್ಸು ಬರೀ ಹೆಮ್ಮೆಯ ವಿಷಯವಲ್ಲ. ಅಮೆರಿಕದ 1968ರ ಕೇಂದ್ರ ಕಾನೂನಿನಲ್ಲಿ 1898 ಅಥವಾ ಅದಕ್ಕೂ ಮೊದಲು ತಯಾರಾದ ಕೋವಿ ‘ಆಂಟಿಕ್’. ಅದಕ್ಕೆ ಕೇಂದ್ರದ ಮಾಮೂಲಿ ಖರೀದಿ ನಿಯಮಗಳು ಅನ್ವಯಿಸುವುದಿಲ್ಲ. ರಾಜ್ಯಗಳ ಕಾನೂನು ಬೇರೆ ಇರಬಹುದು. 50 ವರ್ಷ ದಾಟಿದ, ಮೂಲ ರೂಪದಲ್ಲೇ ಇರುವ ಕೋವಿ ‘ಕ್ಯೂರಿಯೋ ಅಂಡ್ ರೆಲಿಕ್’. ಅವನ್ನು ಕೂಡಿಡುವವರಿಗೆಂದೇ ಮೂರು ವರ್ಷಕ್ಕೆ 30 ಡಾಲರಿನ ಲೈಸೆನ್ಸ್ ಒಂದಿದೆ. ಉಳಿದವರು ಅಂಗಡಿಯಲ್ಲಿ 4473 ಎಂಬ ಫಾರಂ ತುಂಬಿ, ಹಿನ್ನೆಲೆ ತಪಾಸಣೆ ಮುಗಿಸಿ ಕೊಳ್ಳಬೇಕು.

ಹಾಗಾಗಿ 1890ರ ದಶಕದ ಕೊನೆಯ ಕೋವಿಗಳಲ್ಲಿ ಒಂದೆರಡು ವರ್ಷದ ವ್ಯತ್ಯಾಸಕ್ಕೂ ತೂಕವಿದೆ. ತಲೆನೋವು ಏನೆಂದರೆ ವಿಂಚೆಸ್ಟರ್‌ಗೆ ಎರಡು ಬಗೆಯ ಪಟ್ಟಿಗಳಿವೆ. ಒಂದು, ಪುಸ್ತಕಗಳಲ್ಲಿ ಬಹಳ ಕಾಲದಿಂದ ಅಚ್ಚಾಗುತ್ತಾ ಬಂದದ್ದು. ಇನ್ನೊಂದು, ಕಾರ್ಖಾನೆಯ ಪಾಲಿಶಿಂಗ್ ರೂಮಿನಲ್ಲಿ ರಿಸೀವರಿಗೆ ನಂಬರ್ ಒತ್ತಿದ ದಿನದ ದಾಖಲೆ. ಕೆಲವು ಮಾಡೆಲ್‌ಗಳಲ್ಲಿ ಎರಡೂ ವರ್ಷಗಟ್ಟಲೆ ಬೇರೆ ಇಸವಿ ಹೇಳುತ್ತವೆ. ಇಸವಿ ಹೇಳಿದವರನ್ನು ಯಾವ ಪಟ್ಟಿಯದು ಎಂದು ಕೇಳಲೇಬೇಕು.

ಅಲ್ಲಿರುವ ನಮ್ಮವರಿಗೆ ಒಂದು ಮಾತು. ಎಚ್-1ಬಿ, ಎಫ್-1 ತರಹದ ವಲಸೆಯೇತರ ವೀಸಾದ ಮೇಲೆ ಇರುವವರು ಬಂದೂಕು ಇಟ್ಟುಕೊಳ್ಳುವುದನ್ನು ಕೇಂದ್ರ ಕಾನೂನು ಸಾಮಾನ್ಯವಾಗಿ ನಿಷೇಧಿಸುತ್ತದೆ. ರಾಜ್ಯವೊಂದರ ಚಾಲ್ತಿಯಲ್ಲಿರುವ ಬೇಟೆ ಲೈಸೆನ್ಸ್ ಇದ್ದರೆ ವಿನಾಯಿತಿ ಇದೆ. ಗ್ರೀನ್ ಕಾರ್ಡ್ ಇದ್ದವರಿಗೆ ಈ ನಿಷೇಧವಿಲ್ಲ. ತಪ್ಪಿದರೆ ದಂಡದಲ್ಲಿ ಮುಗಿಯುವ ಕೇಸಲ್ಲ ಇದು, ವಕೀಲರನ್ನು ಕೇಳಿಯೇ ಮುಂದೆ ಹೋಗಿ. ಊರಿಗೆ ತರುವ ಯೋಚನೆ ಇದ್ದರೆ ಭಾರತದ 1959ರ ಶಸ್ತ್ರಾಸ್ತ್ರ ಕಾಯ್ದೆಯ ಲೈಸೆನ್ಸ್ ಬೇರೆ, ಆಮದು ನಿಯಮ ಬೇರೆ. ಫೋಟೋ ತಗೊಂಡು ಬರುವುದು ಸುಲಭ.

ನಾಲ್ಕನೆಯ ಮಾತು: ಒರಿಜಿನಲ್

ನಮಗೆ ಹಳೇ ಹಿತ್ತಾಳೆ ಚೊಂಬು ಸಿಕ್ಕರೆ ಮೊದಲ ಕೆಲಸ ಹುಣಸೆಹಣ್ಣು ಹಾಕಿ ತಿಕ್ಕುವುದು, ಅಲ್ವಾ? ಹಳೇ ಕೋವಿಗೆ ಅದನ್ನೇ ಮಾಡಿದರೆ ಬೆಲೆ ಅರ್ಧಕ್ಕೆ ಬೀಳಬಹುದು. ಕಂಚಿನ ಛಾಯೆಗೆ ತಿರುಗಿದ ಉಕ್ಕು, ಕೈ ಹಿಡಿದ ಕಡೆ ಬೆಳ್ಳಗಾದ ಅಂಚು, ಮರದ ಮೇಲಿನ ಕಪ್ಪು ಜಿಡ್ಡು, ಇವೆಲ್ಲ ನೂರು ವರ್ಷದ ಕೆಲಸ. ಸಂಗ್ರಹಿಸುವವರು ದುಡ್ಡು ಕೊಡುವುದು ಅದಕ್ಕೇ. ಹೊಳೆಯುವ ನೂರು ವರ್ಷದ ಕೋವಿ ಕಂಡರೆ ಅವರು ಸಂತೋಷಪಡುವುದಿಲ್ಲ, ಜೇಬಿನಿಂದ ಕನ್ನಡಕ ತೆಗೆಯುತ್ತಾರೆ.

ಕನ್ನಡಕ ಹಾಕಿ ಎಲ್ಲಿ ನೋಡುತ್ತಾರೆ? ಮೊದಲು ಸ್ಕ್ರೂ ತೂತುಗಳನ್ನು. ಮತ್ತೆ ಬಣ್ಣ ಹಾಕುವ ಮುಂಚೆ ಲೋಹವನ್ನು ಪಾಲಿಶ್ ಮಾಡಬೇಕು. ಪಾಲಿಶ್ ಚಕ್ರ ತೂತಿನ ಅಂಚನ್ನು ತಿಂದು ತಟ್ಟೆಯಂತೆ ತಗ್ಗು ಮಾಡುತ್ತದೆ. ಆಮೇಲೆ ಅಕ್ಷರಗಳು. ಕಾರ್ಖಾನೆಯಲ್ಲಿ ಒತ್ತಿದ ಅಕ್ಷರದ ಅಂಚು ಉಗುರಿಗೆ ತಾಗುತ್ತದೆ, ಪಾಲಿಶ್ ಆದದ್ದು ಸೋಪಿನ ಮೇಲಿನ ಹೆಸರಿನಂತೆ ಮಸುಕಾಗಿರುತ್ತದೆ. ತುಕ್ಕು ತಿಂದ ಸಣ್ಣ ಗುಳಿಗಳೊಳಗೂ ಹೊಸ ನೀಲಿ ಕೂತಿದ್ದರೆ ತುಕ್ಕು ಮೊದಲು ಬಂತು, ಬಣ್ಣ ಆಮೇಲೆ ಬಂತು. ಮುಗಿಯಿತಲ್ಲ ಲೆಕ್ಕ.

ಮರ ಇನ್ನೂ ಚೆನ್ನಾಗಿ ಬಾಯಿಬಿಡುತ್ತದೆ. ಕಾರ್ಖಾನೆಯಿಂದ ಬಂದಾಗ ಮರ ಲೋಹಕ್ಕಿಂತ ಒಂದು ಕೂದಲೆಳೆ ಎತ್ತರವಿರುತ್ತದೆ. ಮರ ಮತ್ತು ಉಕ್ಕು ಸೇರುವ ಕಡೆ ಬೆರಳಾಡಿಸಿ. ಮರವೇ ತಗ್ಗಿದ್ದರೆ ಯಾರೋ ಉಪ್ಪುಕಾಗದ ಹಾಕಿ ಉಜ್ಜಿದ್ದಾರೆ. ಸ್ಕ್ರೂಗಳ ತಲೆ ಕಚ್ಚಿಹೋಗಿದ್ದರೆ ಅಡುಗೆಮನೆಯ ಚಾಕುವಿನಲ್ಲೂ ಬಿಚ್ಚಿರಬಹುದು.

ಇನ್ನು ನಳಿಗೆ ಮತ್ತು ರಿಸೀವರ್ ಒಂದೇ ಮನೆಯವಾ ಅನ್ನುವುದು. 1905ರಿಂದ ವಿಂಚೆಸ್ಟರ್ ಎರಡರ ಮೇಲೂ ಅಂಡಾಕಾರದೊಳಗೆ ‘ಡಬ್ಲ್ಯೂ’ ‘ಪಿ’ ಹೆಣೆದ ಪ್ರೂಫ್ ಮುದ್ರೆ (ಹೊಡೆದು ಪರೀಕ್ಷಿಸಿದ ಗುರುತು) ಒತ್ತಲು ಶುರುಮಾಡಿತು. ನಂಬರ್ 1900ರ ಸುಮಾರಿನದು, ನಳಿಗೆಯ ಮೇಲೆ ಮಾತ್ರ ಆ ಮುದ್ರೆ ಇದೆ ಅಂದರೆ ನಳಿಗೆ ಆಮೇಲೆ ಬಂದದ್ದಿರಬಹುದು. ರೂಪವೂ ಹೊಂದಬೇಕು. 94ರ ಕಾರ್ಬೈನ್ ಅಂದರೆ ಸಾಮಾನ್ಯವಾಗಿ 20 ಅಂಗುಲದ ದುಂಡು ನಳಿಗೆ, ಅದನ್ನು ಸುತ್ತಿ ಹಿಡಿದ ಎರಡು ಪಟ್ಟಿ. ಹಳೆಯದಾದರೆ ಎಡಪಕ್ಕ ಜೀನಿಗೆ ಕಟ್ಟುವ ಬಳೆ. ರೈಫಲ್ ಅಂದರೆ ಸಾಮಾನ್ಯವಾಗಿ 26 ಅಂಗುಲ, ದುಂಡು ಅಥವಾ ಎಂಟು ಮೂಲೆಯ ನಳಿಗೆ, ಹೆಗಲಿಗೆ ಅರ್ಧಚಂದ್ರದಂತೆ ಬಾಗಿದ ಉಕ್ಕಿನ ತಟ್ಟೆ. 16 ಅಂಗುಲಕ್ಕಿಂತ ಚಿಕ್ಕ ನಳಿಗೆ ಕಂಡರೆ ದೂರ ನಿಲ್ಲಿ. ಕಾರ್ಖಾನೆಯೇ ಮಾಡಿದ ‘ಟ್ರ್ಯಾಪರ್’ ಕಾರ್ಬೈನ್‌ಗಳಿದ್ದವು ನಿಜ. ಆದರೆ ಗರಗಸದಲ್ಲಿ ಕೊಯ್ದದ್ದನ್ನು ನೋಂದಣಿ ಇಲ್ಲದೆ ಇಟ್ಟುಕೊಂಡರೆ ಅಪರಾಧ.

ದೂರದರ್ಶಕ ಕೂರಿಸಲು ಯಾರೋ ಕೊರೆದ ಹೆಚ್ಚುವರಿ ತೂತುಗಳು ಸಂಗ್ರಹದ ಬೆಲೆಯನ್ನು ನೆಲಕ್ಕೆ ತರುತ್ತವೆ. ಬೇಟೆಗೆ ಕೊಳ್ಳುವವರಿಗೆ ಅದೇ ಲಾಭ. ನಳಿಗೆಯೊಳಗೆ ಮಾತ್ರ ದೀಪ ಹಾಕಿ ನೋಡಬೇಕು. ಹಳೇ ಕಾಲದ ಕೇಪುಗಳ ರಾಸಾಯನಿಕ ಉಪ್ಪು ಬಿಡುತ್ತಿತ್ತು, ತೊಳೆಯದೆ ಬಿಟ್ಟರೆ ತುಕ್ಕು. 94ರ ಮೈ ಬಿಚ್ಚದೆ ನಳಿಗೆಗೆ ಹಿಂದಿನಿಂದ ಕಡ್ಡಿ ಹಾಕಿ ಒರೆಸಲು ಆಗುವುದಿಲ್ಲ. ಎಲ್ಲರೂ ಮುಂದಿನಿಂದಲೇ ಕಡ್ಡಿ ಹಾಕಿ ಹಾಕಿ ಬಾಯಿಯ ಸುರುಳಿ ಗೆರೆ ಸವೆದಿರುತ್ತದೆ. ಹೊರಗೆ ಚೆಂದ ಇದ್ದು ಗುಂಡು ಎತ್ತೆತ್ತಲೋ ಹೋಗುವುದಕ್ಕೆ ಕಾರಣ ಎಷ್ಟೋ ಸಲ ಇದೇ. ಹೊಡೆಯುವ ಮೊದಲು ಗನ್‌ಸ್ಮಿತ್ ಒಬ್ಬರಿಂದ ಬೀಗದ ಬಿಗುವನ್ನು ಅಳೆಸಿ.

ಜಾಸ್ತಿ ಬೆಲೆಯ ಕಥೆ ಇದ್ದಲ್ಲಿ ಜಾಸ್ತಿ ಅನುಮಾನ ಇರಲಿ. 1918ರ ಸುಮಾರಿಗೆ ಅಮೆರಿಕ ಸೇನೆ ವಾಯವ್ಯದ ಕಾಡುಗಳಲ್ಲಿ ವಿಮಾನಕ್ಕೆ ಬೇಕಾದ ಸ್ಪ್ರೂಸ್ ಮರ ಕಾಯಲು 1,800 ಕಾರ್ಬೈನ್ ಕೊಂಡಿತು. ‘ಯುಎಸ್’ ಮತ್ತು ಉರಿಯುವ ಬಾಂಬಿನ ಮುದ್ರೆ ಅವಕ್ಕಿದೆ. ಎರಡು ಅಕ್ಷರ, ಒಂದು ಚಿತ್ರ. ಒತ್ತಲು ಎಷ್ಟು ಹೊತ್ತು? ಇನ್ನೊಂದು ಕಡೆ 1960ರ ದಶಕದಿಂದ ಬಂದ ಸ್ಮಾರಕ ಆವೃತ್ತಿಗಳು, ಚಿನ್ನದ ಬಣ್ಣ, ಪದಕ ಎಲ್ಲ ಇರುವವು. ಅವು ಒರಿಜಿನಲ್ಲೇ. ಆದರೆ 1966ರ ಕಂಪನಿ ಶತಮಾನೋತ್ಸವದ್ದೊಂದೇ ಒಂದು ಲಕ್ಷಕ್ಕೂ ಜಾಸ್ತಿ ತಯಾರಾಗಿತ್ತು. ಎಲ್ಲರೂ ಪೆಟ್ಟಿಗೆಯಲ್ಲೇ ಜೋಪಾನ ಮಾಡಿದ ಮೇಲೆ ಅಪರೂಪ ಎಲ್ಲಿಂದ ಬರಬೇಕು.

ಹಳೆಯದಕ್ಕೆ ಕೊನೆಯ ಸಾಕ್ಷಿ ವಯೋಮಿಂಗ್‌ನ ಕೋಡಿ ಊರಿನಲ್ಲಿದೆ. ಅಲ್ಲಿನ ಕೋಡಿ ಫೈರ್‌ಆರ್ಮ್ಸ್ ಮ್ಯೂಸಿಯಂ ಬಳಿ ವಿಂಚೆಸ್ಟರ್‌ನ ಕೈಬರಹದ ಗೋದಾಮು ಪುಸ್ತಕಗಳಿವೆ. 1894 ಮಾಡೆಲ್‌ಗೆ ಮೊದಲ ಮೂರೂವರೆ ಲಕ್ಷ ನಂಬರುಗಳವರೆಗೆ ದಾಖಲೆ ಸಿಗುತ್ತದೆ. ಶುಲ್ಕ ಕಟ್ಟಿ ನಂಬರ್ ಕೊಟ್ಟರೆ ಪತ್ರ ಬರುತ್ತದೆ: ರೈಫಲ್ಲೋ ಕಾರ್ಬೈನೋ, ಯಾವ ತೋಟೆ, ನಳಿಗೆ ದುಂಡೋ ಮೂಲೆಯೋ, ಯಾವ ದಿನ ಗೋದಾಮಿಗೆ ಬಂತು, ಯಾವ ದಿನ ಹೊರಟಿತು. ಮಾರುವವರು ‘ಸ್ಪೆಷಲ್ ಆರ್ಡರ್, ಎಂಟು ಮೂಲೆಯ ನಳಿಗೆ’ ಎಂದು ಎರಡು ಪಟ್ಟು ಬೆಲೆ ಹೇಳುತ್ತಿದ್ದರೆ ಪತ್ರ ತೋರಿಸಿ ಅನ್ನಿ. ಪತ್ರ ಇಲ್ಲ ಅಂದರೆ, ನಂಬರ್ ಬರೆದುಕೊಂಡು ಒಂದು ವಾರದ ಟೈಮ್ ಕೇಳಿ. ನಿಜವಾದ ಕೋವಿ ಇಟ್ಟುಕೊಂಡವರು ಒಪ್ಪುತ್ತಾರೆ. ‘ಇವತ್ತೇ ತಗೊಂಡರೆ ಮಾತ್ರ ಈ ರೇಟು’ ಅನ್ನುವವರ ಮೇಜಿನ ಪಕ್ಕದಲ್ಲೇ ಇನ್ನೊಂದು ಮೇಜಿರುತ್ತದೆ.